ಹದಿಮೂರನೇ ಬಾಟಲಿ

ಗೋತ್ರ ಕೇಳಿದ ಮೇಲೆ ಮಣೆ ಹಾಕುವ ಸೀಮೆಯಲ್ಲಿ ಮೂತ್ರ ಕೇಳಿಕೊಂಡು ಮನೆ ಬಾಗಿಲಿಗೆ ಹೋಗುವ ಕೆಲಸ ಪ್ರಮೀಳಾಳದು. ವಯಸ್ಸು ನಲವತ್ತೊಂದು. ವಾಸ ತುಮಕೂರಿನ ಉಪ್ಪಾರಹಳ್ಳಿ, ತವರು ಗುಬ್ಬಿ ಕಡೆ. ವಾಹನ, ಗೇರಿಲ್ಲದಿದ್ದರೂ ಗೊಣಗಾಟಕ್ಕೆ ಕೊರತೆಯಿಲ್ಲದ ಒಂದು ಸ್ಕೂಟಿ. ಅದರ ಹಿಂದಿನ ಸೀಟಿನಲ್ಲಿ ಹಗ್ಗ ಬಿಗಿದು ಕೂರಿಸಿದ ನೀಲಿ ಐಸ್ ಬಾಕ್ಸು. ಆ ಬಾಕ್ಸು ಕಂಡ ಕೂಡಲೇ ಹಳ್ಳಿಯ ಮಕ್ಕಳು ಐಸ್‌ಕ್ಯಾಂಡಿ ಎಂದು ಓಡಿ ಬರುತ್ತವೆ. ಒಳಗಿರುವುದು ಏನೆಂದು ತಿಳಿದ ಮೇಲೆ ಬಂದದ್ದಕ್ಕಿಂತ ಜೋರಾಗಿ ಓಡಿ ಹೋಗುತ್ತವೆ.

ಈ ಕೆಲಸಕ್ಕೆ ಸೇರುವ ಮೊದಲು ಅವಳು ತುಮಕೂರಿನದೇ ಬಟವಾಡಿಯ ಒಂದು ಲ್ಯಾಬಿನಲ್ಲಿದ್ದಳು. ಹದಿನಾಲ್ಕು ವರ್ಷ ಜನರ ರಕ್ತ ಹೀರಿಯೂ ಒಳ್ಳೆಯ ಹೆಸರು ಗಳಿಸಿದವರು ಈ ಜಿಲ್ಲೆಯಲ್ಲಿ ಅವಳೊಬ್ಬಳೇ ಇರಬೇಕು. ಎಂಥ ಅಡಗಿದ ನರವನ್ನೂ ಒಂದೇ ಚುಚ್ಚಿಗೆ ಹಿಡಿಯುತ್ತಿದ್ದಳು. ಆಮೇಲೆ ಬೆಂಗಳೂರಿನ ಸಂಶೋಧಕರ ತಂಡವೊಂದು ತೋಟಗಳಲ್ಲಿ ಕಳೆನಾಶಕ ಸಿಂಪಡಿಸುವ ಕೂಲಿಯವರನ್ನು ಹುಡುಕಿಕೊಂಡು ತುಮಕೂರಿಗೆ ಬಂತು. ಪಂಪು ಬೆನ್ನಿಗೇರಿಸಿ ದಿನವಿಡೀ ಹೊಡೆಯುವ ಆ ಔಷಧಿ ಹುಲ್ಲಿಗೆ ಹೋಗುವುದೆಷ್ಟು, ಹೊಡೆಯುವವನ ಮೈಗೆ ಹೋಗುವುದೆಷ್ಟು? ಮೈ ತನ್ನ ಲೆಕ್ಕವನ್ನು ಮೂತ್ರದಲ್ಲಿ ಒಪ್ಪಿಸುತ್ತದೆ. ಔಷಧಿ ಹೊಡೆದ ಮಾರನೆಯ ಬೆಳಿಗ್ಗೆ, ಎದ್ದ ಕೂಡಲೇ ಬರುವ ಮೊದಲ ಮೂತ್ರವನ್ನು ಹಿಡಿದು ತರಲು ಮಾತು ಬಲ್ಲ, ನಾಚಿಕೆ ಬಿಟ್ಟ ಒಬ್ಬರು ಬೇಕಿದ್ದರು. ಪ್ರಮೀಳಾ ಅರ್ಜಿ ಹಾಕಿದಳು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿರುವ ಗಂಡ ಅನಂತರಾಜು, ನೆಂಟರ ಮದುವೆಗಳಲ್ಲಿ ಯಾರಾದರೂ ಕೇಳಿದರೆ "ನಮ್ಮನೆಯವ್ರು ರಿಸರ್ಚಲ್ಲಿದಾರೆ" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಪಾಯಸ ಬಡಿಸುವ ಕಡೆ ಹೊರಟುಬಿಡುತ್ತಾನೆ.

ಅವಳಿಗೆ ಮಾತ್ರ ಈ ಕೆಲಸದ ಹುಚ್ಚೇ ಹಿಡಿದಿತ್ತು. ಲ್ಯಾಬಿಗೆ ಬರುತ್ತಿದ್ದವರು ಕಾಯಿಲೆ ಬಂದ ಮೇಲೆ ಬರುತ್ತಿದ್ದರು. ಇಲ್ಲಿ ಕಾಯಿಲೆಯ ಮಾತಿಗೂ ಮುಂಚೆ, ಒಳಗೆ ಏನು ಸೇರುತ್ತಿದೆ ಎಂದು ನೋಡಬಹುದು. ಗುಬ್ಬಿಯಿಂದ ಎಂಟು ಕಿಲೋಮೀಟರ್ ಒಳಗಿನ ಒಂದು ಊರಿನ ಹನ್ನೆರಡು ಪಂಪಿನ ತಂಡವನ್ನು ಅವಳೇ ಪತ್ತೆ ಹಚ್ಚಿದ್ದಳು. ತವರಿನ ಸೀಮೆ, ತವರಿನ ಮಾತು. ಮೇಸ್ತ್ರಿ ರಾಮಾಂಜಿನಯ್ಯನನ್ನು ಮೂರು ಭೇಟಿಗಳಲ್ಲಿ ಒಪ್ಪಿಸಿದ್ದಳು. "ಖಾಲಿ ಬಾಟ್ಲಿ ಕೊಟ್ಟು ತುಂಬ್ಸಿ ಕೊಡಿ ಅನ್ನೋ ಹೆಂಗಸನ್ನ ಇದೇ ಮೊದ್ಲು ನೋಡ್ತಿರೋದು ಕಣಮ್ಮ" ಎಂದು ಅವನು ನಕ್ಕು, ಹನ್ನೆರಡು ಬಾಟಲಿ ತುಂಬಿಸಿ ಕೊಟ್ಟಿದ್ದ. ಎಲ್ಲವೂ ತಿಳಿ, ಎಲ್ಲವೂ ಥಳಥಳ. ಅಷ್ಟು ಚಂದದ ಮೂತ್ರವನ್ನು ಅವಳು ಹದಿನಾಲ್ಕು ವರ್ಷದಲ್ಲಿ ನೋಡಿರಲಿಲ್ಲ.

ಬುಧವಾರ ಬೆಂಗಳೂರಿನಿಂದ ಸಂಶೋಧಕರ ತಂಡದ ಡಾಕ್ಟರ್ ಮಾನಸಾ ಫೋನು ಮಾಡಿದರು.

"ಪ್ರಮೀಳಾ, ನಿಮ್ಮ ಗುಬ್ಬಿ ಸ್ಯಾಂಪಲ್ ಹನ್ನೆರಡಕ್ಕೆ ಹನ್ನೆರಡೂ ರಿಜೆಕ್ಟ್."

"ಯಾಕ್ ಮೇಡಂ? ಐಸ್ ಕರಗಿತ್ತಾ?"

"ಐಸ್ ಅಲ್ಲ. ಮೂತ್ರಾನೇ ಕರಗಿದೆ. ಬರೀ ನೀರು. ಇಷ್ಟು ತೆಳುವಾಗಿದ್ರೆ ಅಳತೆಗೆ ಅರ್ಥ ಇರಲ್ಲ. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ವ್ಯಾನ್ ಬಟವಾಡಿಯಿಂದ ಕೊನೇ ಸಲ ಹೊರಡತ್ತೆ. ಅಷ್ಟರಲ್ಲಿ ಸರಿಯಾದ ಹನ್ನೆರಡು ಸಿಕ್ಕಿದ್ರೆ ಸರಿ. ಇಲ್ದಿದ್ರೆ ಗುಬ್ಬೀನ ಲಿಸ್ಟಿಂದ ತೆಗೀಬೇಕಾಗತ್ತೆ."

ತೆಗೆಯುವುದೆಂದರೆ ಅಷ್ಟೇ. ಬೇರೆ ತಾಲ್ಲೂಕುಗಳವರಿಗೆ ತಮ್ಮ ಮೈಯೊಳಗೆ ಎಷ್ಟು ಸೇರಿದೆ ಎಂದು ಗೊತ್ತಾಗುತ್ತದೆ, ತನ್ನ ತವರಿನ ಜನಕ್ಕೆ ಗೊತ್ತಾಗುವುದಿಲ್ಲ. ಪ್ರಮೀಳಾ ಒಲೆ ಆರಿಸಿದಳು, ಸ್ಕೂಟಿ ಹತ್ತಿದಳು, ಗುಬ್ಬಿ ದಾರಿ ಹಿಡಿದಳು.

ಊರಿಗೆ ಕಾಲಿಟ್ಟಾಗಲೇ ಅಪರಾಧದ ಸಾಕ್ಷಿ ಕಣ್ಣಿಗೆ ಬಿತ್ತು. ರಾಮಾಂಜಿನಯ್ಯನ ಹಿತ್ತಿಲಿನಲ್ಲಿ ಎಳನೀರಿನ ಬುರುಡೆಗಳು ಗುಡ್ಡೆ ಬಿದ್ದಿದ್ದವು. ಒಂದೆರಡಲ್ಲ, ಐವತ್ತರ ಹತ್ತಿರ.

"ಇದೇನ್ ಯಜಮಾನ್ರೇ? ಅಂಗಡಿ ಏನಾದ್ರೂ ಇಟ್ರಾ?"

ರಾಮಾಂಜಿನಯ್ಯ ಹೆಮ್ಮೆಯಿಂದ ಮೀಸೆ ಸವರಿದ. "ಎಲ್ಲಾ ನಿಮ್ಮ ಪರೀಕ್ಸೆಗೇ ಕಣಮ್ಮ. ಹಿಂದಿನ ದಿನ ಸಂಜೆ ತಲಾ ಎಲ್ಡು, ವತ್ತಾರೆ ಎದ್ದೇಟ್ಗೆ ಎಲ್ಡು. ಒಬ್ಬ ಬಡ್ಡೀಮಗನ್ನೂ ಬುಡ್ಲಿಲ್ಲ, ನಿಂತ್ಕಂಡು ಕುಡ್ಸಿದೀನಿ. ಬೆಂಗ್ಳೂರೋರು ನೋಡೋದು, ಕೆಟ್ಟ ಬಣ್ಣದ್ದು ಕಳ್ಸಿದ್ರೆ ಊರ ಮರ್ವಾದೆ ಏನಾಗ್ಬೇಕು? ಎಲ್ರೂ ಪಾಸು ತಾನೆ?"

ಪ್ರಮೀಳಾ ಜಗಲಿಯ ಮೇಲೆ ಕುಸಿದು ಕುಳಿತಳು. ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ನಗು ಸ್ವಲ್ಪ ಮುಂದೆ ಬಂತು. ತೆಂಗಿನ ಸೀಮೆಯಲ್ಲಿ ಹುಟ್ಟಿದ ತನಗಾದರೂ ಇದು ಹೊಳೆಯಬೇಡವೇ? ಇಲ್ಲಿ ಉರಿಮೂತ್ರಕ್ಕೂ ಎಳನೀರು, ಬೀಗರಿಗೂ ಎಳನೀರು. ಇನ್ನು ಬೆಂಗಳೂರಿಗೆ ಹೊರಟ ಮೂತ್ರಕ್ಕೆ ಬಿಟ್ಟಾರೆಯೇ?

"ಎಲ್ಲಾ ಫೇಲ್ ಯಜಮಾನ್ರೇ."

"ಫೇಲಾ!" ಅವನ ಮೀಸೆ ಇಳಿಯಿತು. "ಹಂಗಂದ್ರೆ ಪಂಪು ಹೊರಾಕೆ ಬುಡಲ್ವಾ?"

ಆಗ ಅವಳಿಗೆ ನಿಜವಾದ ಹೆದರಿಕೆ ಯಾವುದೆಂದು ತಿಳಿಯಿತು. ಇವರು ಇದನ್ನು ಲೈಸೆನ್ಸಿನ ಪರೀಕ್ಷೆ ಎಂದುಕೊಂಡಿದ್ದಾರೆ. ಫೇಲಾದವನನ್ನು ತೋಟದವರು ಕೂಲಿಗೆ ಕರೆಯುವುದಿಲ್ಲ ಎಂದುಕೊಂಡಿದ್ದಾರೆ.

"ಇದ್ರಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ ಅಣ್ಣ. ನಿಮ್ ಹೆಸ್ರು ತೋಟದೋರಿಗೆ ಹೋಗೋದೇ ಇಲ್ಲ. ಬಾಟ್ಲಿ ಮೇಲಿರೋದು ಬರೀ ನಂಬರ್ರು. ಔಷಧಿ ನಿಮ್ ಮೈಗೆ ಎಷ್ಟ್ ಸೇರ್ತು ಅಂತ ನಿಮ್ಗೇ ಹೇಳೋಕೆ ಇದು. ನೀವು ನಾಲ್ಕು ಎಳನೀರು ಕುಡುದ್ರೆ, ಸಾರಿಗೆ ನಾಲ್ಕು ಬಿಂದಿಗೆ ನೀರ್ ಬಿಟ್ಟು ಉಪ್ಪು ನೋಡ್ದಂಗೆ. ಉಪ್ಪು ಇದ್ರೂ ಗೊತ್ತಾಗಲ್ಲ."

"ಓಹೋ! ಗಟ್ಟಿ ಇರ್ಬೇಕು ಅನ್ನಿ," ಎಂದ ರಾಮಾಂಜಿನಯ್ಯ. ಕಣ್ಣಲ್ಲಿ ಹೊಸ ಹುರುಪು ಬಂತು. "ನಾಳಿದ್ದು ಶುಕ್ರವಾರ ಕುಣಿಗಲ್ ಕಡೆ ಒಂದು ತ್ವಾಟಕ್ಕೆ ಹೊಡೀತೀವಿ. ಅಲ್ಲೇ ಮಲಗ್ತೀವಿ, ಶನಿವಾರ ಅರ್ಧ ದಿನದ ಕೆಲ್ಸ ಐತೆ. ಬನ್ನಿ, ಕೊಡ್ತೀವಿ. ಈ ಸಲ ನೋಡಿ ಹೆಂಗಿರ್ತದೆ!"

ಆ ಹುರುಪು ಕಂಡು ಪ್ರಮೀಳಾಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಖಾಲಿ ಬಾಟಲಿ ಹಂಚಲು ಕುಣಿಗಲ್ ಕಡೆಗೆ ಹೊರಟ ಅವಳನ್ನು ಕರೆದೊಯ್ದವನು ಅಹಮದ್ ಪಾಷಾ. ತಂಡದವರನ್ನೂ ಪಂಪುಗಳನ್ನೂ ಊರೂರಿಗೆ ಸಾಗಿಸುವ ಲಗೇಜ್ ಆಟೋ ಅವನದು. ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ. "ಹೂವಿನ ಲೋಡ್ ಹೊಡ್ದಿದೀನಿ ಅಕ್ಕ, ಕೋಳಿ ಹೊಡ್ದಿದೀನಿ, ಒಂದ್ಸಲ ನಾಟಕದ ಸಿಂಹಾಸನಾನೂ ಹೊಡ್ದಿದೀನಿ. ನಾಳೆ ಹೊಡಿಯೋ ಈ ಲೋಡ್ನ ಮನೇಲಿ ಏನಂತ ಹೇಳ್ಲಿ?"

"ಎಳನೀರು ಅಂತ ಹೇಳು. ಮುಕ್ಕಾಲು ನಿಜ."

ತೋಟದಲ್ಲಿ ಬಿಸಿಲು ಬಡಿಯುತ್ತಿತ್ತು. ಹನ್ನೆರಡು ಪಂಪುಗಳು ಸಾಲಾಗಿ ಬುಸುಗುಡುತ್ತಿದ್ದವು. ಆದರೆ ಹೊಡೆಯುವವರ ಮುಖದಲ್ಲಿ ಕಳೆಯೇ ಇರಲಿಲ್ಲ. ಇದ್ದ ಕಳೆಯೆಲ್ಲ ನೆಲದ ಮೇಲೆಯೇ ಇತ್ತು. ತುಟಿ ಒಣಗಿ, ಕಣ್ಣು ಒಳಗೆ ಹೋಗಿ, ಒಬ್ಬೊಬ್ಬನೂ ಏಕಾದಶಿ ಮಾಡಿದವನಂತೆ ಕಾಣುತ್ತಿದ್ದ. ಕಟ್ಟೆಯ ಮೇಲೆ ಕುಡಿಯುವ ನೀರಿನ ಕೊಡಕ್ಕೆ ಹಾಕಿದ ಮುಚ್ಚಳ ಹಾಕಿದಂತೆಯೇ ಇತ್ತು.

"ಇವ್ರು ಬೆಳಿಗ್ಗೆಯಿಂದ ಒಂದ್ ತೊಟ್ಟು ನೀರು ಮುಟ್ಟಿಲ್ಲ ಕಣವ್ವ," ಎಂದಳು ರಾಮಾಂಜಿನಯ್ಯನ ಹೆಂಡತಿ ಗಂಗಲಕ್ಷ್ಮಮ್ಮ. "ಗಟ್ಟಿ ಮಾಡ್ತೀವಿ ಅಂತ ಅವ್ರೆ. ನಮ್ಮೆಜಮಾನ್ರು ಕೊಡಕ್ಕೆ ಕಾವಲು ಬ್ಯಾರೆ ಹಾಕವ್ರೆ."

ಪ್ರಮೀಳಾ ಅಲ್ಲಿಂದ ಕೂಗಿದ ಕೂಗಿಗೆ ಪಕ್ಕದ ತೋಟದ ನಾಯಿ ಎದ್ದು ನಿಂತಿತು. "ರಾಮಾಂಜಿನಯ್ಯಣ್ಣಾ! ನಿಲ್ಸಿ ಪಂಪು! ಈ ಬಿಸ್ಲಲ್ಲಿ ನೀರು ಕುಡೀದೆ ಸಾಯ್ಬೇಕು ಅಂತ ಮಾಡಿದೀರಾ? ಅತಿ ಗಟ್ಟಿ ಆದ್ರೂ ರಿಜೆಕ್ಟ್ ಮಾಡ್ತಾರೆ!"

"ತೆಳುವಾದ್ರೂ ಬ್ಯಾಡ, ಗಟ್ಟಿಯಾದ್ರೂ ಬ್ಯಾಡ," ರಾಮಾಂಜಿನಯ್ಯ ಪಂಪು ಇಳಿಸುತ್ತ ನರಳಿದ. "ಬೆಂಗ್ಳೂರೋರ್ಗೆ ಹೆಣ್ಣು ಹುಡ್ಕಿ ಕೊಡೋದೇ ವಾಸಿ!"

"ದಿನಾ ಹೆಂಗಿರ್ತೀರೋ ಹಂಗಿರಿ ಸಾಕು. ಬಾಯಾರ್ದಾಗ ನೀರು, ಸಂಜೆ ಮುದ್ದೆ ಸಾರು, ಒಂದ್ ಲೋಟ ಮಜ್ಜಿಗೆ. ನಿಮ್ ಮಾಮೂಲಿ ಉಚ್ಚೇನೇ ನಮ್ಗೆ ಬೇಕಾಗಿರೋದು. ಅದಕ್ಕೆ ಸಿಂಗಾರ ಮಾಡ್ಬೇಡಿ!"

ಕೊಡ ಎರಡು ನಿಮಿಷದಲ್ಲಿ ಬರಿದಾಯಿತು. ಆ ಗಲಾಟೆಯಲ್ಲಿ ಪ್ರಮೀಳಾಳ ಕಣ್ಣು ಪಂಪ್‌ಹೌಸ್ ಪಕ್ಕದ ಡ್ರಮ್ಮಿನ ಕಡೆ ಹೊರಳಿತು. ಅಲ್ಲಿಗೆ ಹೋಗಿ ನಿಂತವಳು ನಿಂತೇಬಿಟ್ಟಳು.

ಗಂಗಲಕ್ಷ್ಮಮ್ಮ ಮುಂದಿನ ಸುತ್ತಿಗೆ ಔಷಧಿ ಕಲಸುತ್ತಿದ್ದಳು. ಕಳೆನಾಶಕದ ಪುಡಿಯ ಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು. ತುದಿಯನ್ನು ಪಕ್ಕಕ್ಕೆ ಉಗಿದಳು. ಪುಡಿ ಡ್ರಮ್ಮಿಗೆ ಸುರಿದು, ಬಳೆಗಳನ್ನು ಮೇಲಕ್ಕೆ ಸರಿಸಿ, ಬಲಗೈಯನ್ನು ಮೊಣಕೈವರೆಗೂ ಮುಳುಗಿಸಿ, ಹಿಟ್ಟು ಗಂಟಾಗದಂತೆ ಗಂಜಿ ತಿರುಗಿಸುವ ಶ್ರದ್ಧೆಯಿಂದ ತಿರುಗಿಸಿದಳು. ಆಮೇಲೆ ಅದೇ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಡಿಲಿನಿಂದ ಎಲೆಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು.

"ಗಂಗಕ್ಕ, ದಿನಕ್ಕೆ ಎಷ್ಟ್ ಸಲ ಹಿಂಗ್ ಕಲಸ್ತೀಯಾ?"

"ಹನ್ನೆರ್ಡು ಪಂಪಿಗೂ ನಾನೇ ಅಲ್ವಾ. ಎಣ್ಸಿಲ್ಲ ಬುಡು."

"ಎಷ್ಟ್ ವರ್ಷದಿಂದ?"

"ಇವ್ರು ಪಂಪು ಹೊತ್ತಾಗಿಂದ. ಆರೋ ಏಳೋ."

"ಮತ್ತೆ ನಾನು ಮೊದ್ಲ ದಿನ, ಔಷಧಿ ಕೆಲ್ಸ ಮಾಡೋರೆಲ್ಲ ಹೆಸ್ರು ಬರ್ಸಿ ಅಂದಾಗ ನೀನ್ಯಾಕೆ ಬರ್ಲಿಲ್ಲ?"

ಗಂಗಲಕ್ಷ್ಮಮ್ಮ ನಕ್ಕೇಬಿಟ್ಟಳು. "ನಾನೇನ್ ಪಂಪ್ ಹೊರ್ತೀನಾ? ಕೆಲ್ಸ ಮಾಡೋರು ಅವ್ರು. ನಾನು ಸುಮ್ಕೆ ನೀರು ಕಲಸ್ಕೊಡಾಳು."

ಊರಿನ ರೂಢಿಯೇ ಹಾಗೆ. ಬೆನ್ನಿಗೆ ಪಂಪು ಬಿದ್ದರೆ ಅದು ಕೆಲಸ, ಕೈ ಡ್ರಮ್ಮಿಗಿಳಿದರೆ ಅದು ಮನೆಗೆಲಸದ ಮುಂದುವರಿಕೆ. ಪ್ರಮೀಳಾ ತನ್ನ ಫಾರಂ ತೆಗೆದು ನೋಡಿದಳು. ಬೆಂಗಳೂರಿನಲ್ಲಿ ಎ.ಸಿ. ಕೋಣೆಯಲ್ಲಿ ತಯಾರಾದ ಫಾರಮ್ಮೂ ಅದೇ ಊರಿನದೇ ಇರಬೇಕು. ಅದರಲ್ಲೂ 'ಸಿಂಪಡಿಸುವವರು' ಎಂಬ ಒಂದೇ ಕಾಲಂ ಇತ್ತು. ಅಡಗಿದ ನರ ಬೆರಳಿಗೆ ಸಿಕ್ಕಾಗ ಆಗುತ್ತಿತ್ತಲ್ಲ, ಅದೇ ಪುಳಕ. ಅಲ್ಲೇ ನಿಂತು ಬೆಂಗಳೂರಿಗೆ ಫೋನು ಹಚ್ಚಿದಳು.

ಮಾನಸಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹಲ್ಲಲ್ಲಿ ಹರೀತಾರಾ?" ಎಂದರು.

"ಹಲ್ಲಲ್ಲೇ ಮೇಡಂ."

"ಒಪ್ಪಿಗೆ ಪತ್ರ ಓದಿ ಹೇಳಿ, ಸಹಿ ಹಾಕಿಸಿ, ತಗೊಳ್ಳಿ. ಆದ್ರೆ ಒಂದು ಮಾತು. ಆ ಹನ್ನೆರಡು ಸರಿ ಇಲ್ದಿದ್ರೆ ಇಡೀ ಗುಬ್ಬಿ ಹೋಗತ್ತೆ. ಆಗ ಹದಿಮೂರನ್ನ ತೆಗೆದೂ ನೋಡಲ್ಲ."

ಗಂಗಲಕ್ಷ್ಮಮ್ಮ ಬಾಟಲಿ ಮುಟ್ಟಲೂ ಒಪ್ಪಲಿಲ್ಲ. ಗಂಡಸರ ಮುಂದೆ ಅದನ್ನು ಹಿಡಿದುಕೊಂಡು ಓಡಾಡಲೇ ಎಂದು ರೇಗಿದಳು. ಪ್ರಮೀಳಾ ಪತ್ರವನ್ನು ಎರಡು ಸಲ ಓದಿ ಹೇಳಿದಳು, ಬಲವಂತವಿಲ್ಲ ಎಂದಳು, ಬಾಟಲಿಯನ್ನೂ ಪತ್ರವನ್ನೂ ಅವಳ ಬ್ಯಾಗಿನ ಪಕ್ಕ ಇಟ್ಟು ತುಮಕೂರಿಗೆ ಹಿಂತಿರುಗಿದಳು.

ಶನಿವಾರ ಬೆಳಿಗ್ಗೆ ಆರೂವರೆಗೆ ಪಾಷಾನ ಆಟೋ ಮತ್ತೆ ತೋಟದಲ್ಲಿತ್ತು. ಹನ್ನೊಂದು ಬಾಟಲಿಗಳು ಸಲೀಸಾಗಿ ಬಂದವು. ಈ ಸಲ ಯಾವುದೂ ಥಳಥಳ ಹೊಳೆಯಲಿಲ್ಲ. ಎಲ್ಲವೂ ದುಡಿಯುವವರ ಮೈಯಿಂದ ಬರುವ ಪ್ರಾಮಾಣಿಕ ಹಳದಿ. ಪ್ರಮೀಳಾಗೆ ಚಿನ್ನ ಕಂಡಷ್ಟು ಖುಷಿಯಾಯಿತು. ಸಿಕ್ಕಿಕೊಂಡದ್ದು ಹನ್ನೆರಡನೆಯದು. ಅದು ಮೇಸ್ತ್ರಿಯದೇ.

ಏಳಾಯಿತು. ಏಳೂವರೆಯಾಯಿತು. ರಾಮಾಂಜಿನಯ್ಯ ಒಂದು ತೆಂಗಿನ ಮರದ ಹಿಂದೆ ಬಾಟಲಿ ಹಿಡಿದು ನಿಂತೇ ಇದ್ದ. ಈ ಕಡೆಯಿಂದ ಹನ್ನೊಂದು ಮಂದಿ ಹುರಿದುಂಬಿಸುತ್ತಿದ್ದರು.

"ಬುಡಣ್ಣೋ, ಧೈರ್ಯವಾಗಿ ಬುಡು!"

"ಮೊನ್ನೆ ನಮ್ಗೆಲ್ಲ ಕುಡ್ಸಿದ್ದಲ್ಲ, ಈಗ ನಿಂದು ತೋರ್ಸು!"

"ಸುಮ್ಕಿರ್ರೋ ಸೂಳೆಮಕ್ಳಾ! ನೀವ್ ಕೂಗುದ್ರೆ ಬರೋದೂ ವಾಪಸ್ ಹೋಯ್ತದೆ!" ಮರದ ಹಿಂದಿನಿಂದ ಆರ್ತನಾದ ಕೇಳಿತು.

ಪ್ರಮೀಳಾ ಗಡಿಯಾರ ನೋಡಿದಳು. ಎಂಟಕ್ಕೆ ಐದು ನಿಮಿಷ. ಹನ್ನೊಂದು ಇದ್ದು ಹನ್ನೆರಡಿಲ್ಲದಿದ್ದರೆ ಗುಬ್ಬಿಯೇ ಇಲ್ಲ. ಆಗ ಪಂಪ್‌ಹೌಸಿನಿಂದ ಹೊರಗೆ ಬಂದ ಗಂಗಲಕ್ಷ್ಮಮ್ಮ ಯಾರನ್ನೂ ಕೇಳಲಿಲ್ಲ. "ಎಲ್ರೂ ಆ ಕಡೆ ತಿರುಕ್ಕಳಿ" ಎಂದು ಗದರಿ ಹನ್ನೊಂದು ಮುಖಗಳನ್ನೂ ರಸ್ತೆಯತ್ತ ತಿರುಗಿಸಿದಳು. ಸೀದಾ ಹೋಗಿ ಮೋಟರಿನ ಸ್ವಿಚ್ಚು ಒತ್ತಿದಳು. ಪೈಪಿನಿಂದ ತೊಟ್ಟಿಗೆ ನೀರು ಸೊರ್ರೆಂದು ಬಿತ್ತು. ಅರ್ಧ ನಿಮಿಷ ಕಳೆಯಿತು. ಮರದ ಹಿಂದಿನಿಂದ ದೊಡ್ಡದೊಂದು ನಿಟ್ಟುಸಿರು ಕೇಳಿಸಿತು. ಹನ್ನೊಂದು ಮಂದಿ ಬೆನ್ನು ಹಾಕಿಕೊಂಡೇ ಚಪ್ಪಾಳೆ ತಟ್ಟಿದರು.

ಪ್ರಮೀಳಾ ಮುಚ್ಚಳ ಬಿಗಿದು ಬಾಕ್ಸು ಮುಚ್ಚುವಷ್ಟರಲ್ಲಿ ಗಂಗಲಕ್ಷ್ಮಮ್ಮ ಅವಳ ಪಕ್ಕಕ್ಕೆ ಬಂದು ನಿಂತಳು. ಸೆರಗಿನೊಳಗಿಂದ ಬಾಟಲಿಯೊಂದು ಹೊರಬಂತು, ಅದರ ಜೊತೆಗೆ ನಾಲ್ಕು ಮಡಿಕೆಯ ಪತ್ರ. ಅಕ್ಷರಗಳು ಒಂದೊಂದೂ ಒಂದೊಂದು ದಿಕ್ಕಿಗೆ ನಿಂತಿದ್ದರೂ ಸಹಿ ಪೂರ್ತಿಯಿತ್ತು.

"ಎದ್ದೇಟ್ಗೆ ಹಿಡ್ದಿದ್ದು. ನೀರೂ ಬೆರ್ಸಿಲ್ಲ, ಸಿಂಗಾರಾನೂ ಮಾಡಿಲ್ಲ. ಬ್ಯಾಗ ಎತ್ಕಂಡೋಗು, ಯಾರಾದ್ರೂ ನೋಡ್ತಾರೆ."

ಪಾಷಾ ಆಟೋವನ್ನು ಓಡಿಸಲಿಲ್ಲ, ಹಾರಿಸಿದ. ಹೆಬ್ಬೂರು ದಾಟಿದ ಮೇಲೆ ಪೊಲೀಸರು ವಾಹನ ತಪಾಸಣೆಗೆ ನಿಂತಿದ್ದರು. ಪೇದೆಯೊಬ್ಬ ಪ್ರಮೀಳಾಳ ತೊಡೆಯ ಮೇಲಿದ್ದ ಬಾಕ್ಸಿನ ಮೇಲೆ ಲಾಠಿ ತಟ್ಟಿದ.

"ಏನಮ್ಮ ಇದು?"

"ಬಾಟ್ಲಿ ಸಾರ್," ಎಂದ ಪಾಷಾ, ಅವಳು ಬಾಯಿ ತೆರೆಯುವ ಮುನ್ನ. "ಹದಿಮೂರು."

ಪೇದೆಯ ಮುಖ ಬೆಳಗಿತು. ತಾನೇ ಮುಚ್ಚಳ ತೆಗೆದು, ಒಂದನ್ನು ಎತ್ತಿ, ಬಿಸಿಲಿಗೆ ಹಿಡಿದು ಅನುಭವಿಯಂತೆ ಬಣ್ಣ ನೋಡಿದ. "ಯಾವ್ ಬ್ರ್ಯಾಂಡು?"

ಪ್ರಮೀಳಾ ನಂಬರು ನೋಡಿದಳು. ಹೆಸರು ಹೇಳುವಂತಿಲ್ಲ ಎಂಬ ನಿಯಮ ನೆನಪಿತ್ತು. "ಲೋಕಲ್ ಸಾರ್. ಮೇಸ್ತ್ರಿ ಒಬ್ರು ಸ್ವಂತ ತಯಾರ್ಸಿದ್ದು. ಯೂರಿನ್ ಟೆಸ್ಟಿಗೆ."

ಬಾಟಲಿ ಬಾಕ್ಸಿಗೆ ವಾಪಸು ಹೋದ ವೇಗಕ್ಕೆ ಪಾಷಾ ಕೂಡ ಬೆರಗಾದ. ಪೇದೆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು, "ಹೋಗಿ, ಹೋಗ್ರಿ ಬೇಗ!" ಎಂದು ಬ್ಯಾರಿಕೇಡನ್ನು ತಾನೇ ಕಾಲಿನಿಂದ ಸರಿಸಿದ. ಬಟವಾಡಿ ಮುಟ್ಟಿದಾಗ ಒಂಬತ್ತೂವರೆಗೆ ಎಂಟು ನಿಮಿಷ ಬಾಕಿಯಿತ್ತು. ವ್ಯಾನಿನ ಡ್ರೈವರು ಆಗಲೇ ಎಂಜಿನ್ ಶುರು ಮಾಡಿದ್ದ. ಪ್ರಮೀಳಾ ಬಾಕ್ಸು ಕೊಟ್ಟು, ಎದುರಿನ ಕ್ಯಾಂಟೀನಿನಲ್ಲಿ ಪಾಷಾನಿಗೂ ತನಗೂ ಎರಡೆರಡು ಟೀ ಹೇಳಿದಳು.

ಇಪ್ಪತ್ತೆರಡು ದಿನ ಅವಳು ಫೋನು ಪಕ್ಕದಲ್ಲಿಟ್ಟುಕೊಂಡೇ ಮಲಗಿದಳು, ಫೋನು ಪಕ್ಕದಲ್ಲಿಟ್ಟುಕೊಂಡೇ ಒಗ್ಗರಣೆ ಹಾಕಿದಳು. ಇಪ್ಪತ್ತಮೂರನೆಯ ದಿನ ಮಾನಸಾ ಕರೆ ಮಾಡಿದರು.

"ಹನ್ನೆರಡೂ ಸರಿಯಾಗಿವೆ. ಗುಬ್ಬಿ ಉಳೀತು ಪ್ರಮೀಳಾ." ಅವಳು ಸಂತೋಷಕ್ಕೆ ಕಿರುಚುವ ಮೊದಲೇ ಮಾನಸಾರ ದನಿ ಏರಿತು. "ಆದ್ರೆ ಅದಲ್ಲ ವಿಷ್ಯ. ಆ ಹದಿಮೂರು! ಎರಡು ಸಲ ಟೆಸ್ಟ್ ಮಾಡಿಸ್ದೆ, ನಂಬಿಕೆ ಬರ್ಲಿಲ್ಲ. ಆ ಹನ್ನೆರಡರ ಸರಾಸರಿಗಿಂತ ಮೂರು ಪಟ್ಟು ಜಾಸ್ತಿ. ಫಾರಂನಲ್ಲಿ 'ಕಲಸುವವರು' ಅಂತ ಹೊಸ ಕಾಲಂ ಹಾಕ್ತಿದೀವಿ. ಎಲ್ಲಾ ತಾಲ್ಲೂಕಿಗೂ. ನೀವು ಮತ್ತೆ ಎಲ್ಲಾ ಕಡೆ ಹೋಗ್ಬೇಕು!"

ಮಾರನೆಯ ಬೆಳಿಗ್ಗೆಯೇ ಪ್ರಮೀಳಾ ಗುಬ್ಬಿಯ ಆ ಊರಿನಲ್ಲಿದ್ದಳು. ತಂಡ ಊರ ಪಕ್ಕದ ತೋಟಕ್ಕೆ ಹೊಡೆಯಲು ಹೊರಟು ನಿಂತಿತ್ತು. ಅವಳು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಅವರವರ ಚೀಟಿ ಓದಿ ಹೇಳಿದಳು. ಇದು ಕಾಯಿಲೆಯ ಲೆಕ್ಕವಲ್ಲ, ಮೈಗೆ ಸೇರಿದ್ದರ ಲೆಕ್ಕ. ಸೇರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ ಎಂದಳು. ಕೊನೆಗೆ ಗಂಗಲಕ್ಷ್ಮಮ್ಮನ ಸರದಿ. ಅವಳು ಪಕ್ಕಕ್ಕೆ ಬರಲಿಲ್ಲ. ಅಲ್ಲೇ ಎಲ್ಲರ ಮುಂದೆ ಓದು ಎಂದಳು. ಪ್ರಮೀಳಾ ಓದಿದಳು.

ರಾಮಾಂಜಿನಯ್ಯನ ಬಾಯಿ ತೆರೆದದ್ದು ತೆರೆದೇ ಇತ್ತು. "ಮೂರ್ ಪಟ್ಟಾ? ಪಂಪು ಹೊರೋರು ನಾವು, ಇವ್ಳಿಗೆ ಹೆಂಗ್..."

"ಅಂದ್ರೆ ನಾನೂ ಕೆಲ್ಸದೋಳೇ ಅಂತ ಬೆಂಗ್ಳೂರೋರು ಬರ್ಕಂಡ್ರು ಅನ್ನು," ಎಂದಳು ಗಂಗಲಕ್ಷ್ಮಮ್ಮ. ದನಿಯಲ್ಲಿ ಹೆದರಿಕೆ ಇತ್ತು, ಅದರ ಮೇಲೊಂದು ಗತ್ತು ಕೂಡ ಕುಳಿತಿತ್ತು. "ಏನ್ ಮಾಡ್ಬೇಕು ಹೇಳವ್ವ."

"ಪೊಟ್ಟಣಕ್ಕೆ ಕತ್ರಿ, ಡ್ರಮ್ಮಿಗೆ ಉದ್ದದ ಕೋಲು, ಕೈಗೆ ಮೊಣಕೈವರ್ಗೂ ಬರೋ ರಬ್ಬರ್ ಗ್ಲೌಸು. ಎಲೆಅಡಿಕೆ, ಸೋಪಲ್ಲಿ ಕೈ ತೊಳ್ದ ಮೇಲೆ."

ಗಂಗಲಕ್ಷ್ಮಮ್ಮ ಡ್ರಮ್ಮನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು. ಕಾಲ ಮೇಲೆ ಕಾಲು ಹಾಕಿದಳು. ಅವಳು ಹಾಗೆ ಕುಳಿತದ್ದನ್ನು ಆ ಊರು ಎಂದೂ ನೋಡಿರಲಿಲ್ಲ. "ಆಯ್ತು. ತರ್ಸಿ. ಬಂದ್ಮೇಲೆ ಕಲಸ್ತೀನಿ."

"ಏಯ್, ಹೊತ್ತಾಯ್ತದೆ ಕಣೇ! ತ್ವಾಟದೋರು ಕಾಯ್ತಾವ್ರೆ. ಇವತ್ತೊಂದಿನ..." ರಾಮಾಂಜಿನಯ್ಯ ತಾನೇ ಒಂದು ಪೊಟ್ಟಣ ಎತ್ತಿಕೊಂಡು ರೂಢಿಯಂತೆ ಬಾಯಿಗೊಯ್ದ.

"ಹಲ್ಲು!" ಪ್ರಮೀಳಾ, ಗಂಗಲಕ್ಷ್ಮಮ್ಮ ಇಬ್ಬರೂ ಒಟ್ಟಿಗೆ ಕಿರುಚಿದರು. ಪೊಟ್ಟಣ ಅವನ ಕೈಯಿಂದ ಜಾರಿ ಬಿತ್ತು.

ಪಾಷಾ ಆಗಲೇ ಆಟೋ ಸ್ಟಾರ್ಟ್ ಮಾಡಿದ್ದ. "ಎಷ್ಟ್ ಜೊತೆ ತರ್ಲಿ ಮೇಸ್ತ್ರಿ?"

ರಾಮಾಂಜಿನಯ್ಯ ಹೆಂಡತಿಯ ಬಲಗೈಯನ್ನು ನೋಡಿದ. ಆರೋ ಏಳೋ ವರ್ಷದಿಂದ ತನ್ನ ಪಂಪು ತುಂಬಿದ ಕೈ. ಆಮೇಲೆ ತನ್ನ ಹನ್ನೊಂದು ಜನರತ್ತ ನೋಡಿದ.

"ಹದಿಮೂರು. ಮೊದ್ಲು ಇವ್ಳ ಅಳ್ತೆ ನೋಡ್ಕಂಡು ಹೋಗ್ಲಾ!"

ಪಾಷಾ ಇಳಿದು ಬಂದ. ಗಂಗಲಕ್ಷ್ಮಮ್ಮ ಡ್ರಮ್ಮಿನ ಮೇಲೆ ಕುಳಿತಲ್ಲಿಂದಲೇ ಬಳೆ ಸರಿಸಿ ಕೈ ಚಾಚಿದಳು. ಅವನು ಒಂದು ತೆಂಗಿನ ಗರಿಯ ಕಡ್ಡಿ ಸಿಗಿದು, ಬೆರಳ ತುದಿಯಿಂದ ಮೊಣಕೈವರೆಗೆ ಅಳೆದು ಮುರಿದುಕೊಂಡು, ಆಟೋ ಹತ್ತಿ ಗುಬ್ಬಿಯ ಕಡೆ ಹಾರಿದ. ಹನ್ನೆರಡು ಮಂದಿ ಖಾಲಿ ಪಂಪು ಹೊತ್ತುಕೊಂಡು, ಇಳಿಸಲೂ ತೋಚದೆ, ರಸ್ತೆ ನೋಡುತ್ತ ನಿಂತರು.